ತಲೆಕೆಳಗು ಮಾಡಿ ನೋಡಬೇಕಾದ ರೈಲು: 1964ರ ಜಪಾನಿ ಬುಲೆಟ್ ಟ್ರೈನಿನ ಪುಟ್ಟ ಮಾದರಿ

ಇದು ಆರು ಡಬ್ಬಿಗಳ ಸೆಟ್. ಜಪಾನಿನ ಮೊದಲ ಬುಲೆಟ್ ಟ್ರೈನ್ ಆದ ಶಿಂಕಾನ್ಸೆನ್ 0 ಸರಣಿ, ಎನ್ ಗೇಜ್ (9 ಮಿ.ಮೀ. ಅಗಲದ ಹಳಿಯ ಮೇಲೆ ಓಡುವ ಮಾದರಿ), 1:160 ಅಳತೆ. ಅಂದರೆ ನಿಜವಾದ ರೈಲಿನ 160 ಮಿಲಿಮೀಟರ್ ಇಲ್ಲಿ ಒಂದು ಮಿಲಿಮೀಟರ್. ಹಳಿ ಮತ್ತು ಕಂಟ್ರೋಲರ್ ಬೇರೆಯಾಗಿ ಕೊಳ್ಳಬೇಕು. ಕಸ್ಟಮ್ಸ್ ಸುಂಕ, ಕೊರಿಯರ್ ಎಲ್ಲ ಸೇರಿ ಬೆಳಗಾವಿಗೆ ಬಂದು ಮುಟ್ಟುವ ಹೊತ್ತಿಗೆ 20,000 ರೂಪಾಯಿ ದಾಟಿತು. ನನ್ನಂಥವನಿಗೆ ಇದು ದೊಡ್ಡ ದುಡ್ಡು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಕೊಳ್ಳುವ ಯೋಚನೆ ಇದ್ದವರು ಪೂರ್ತಿ ಓದಿ.

ನಾನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿ ಟರ್ನರ್, ಅಂದರೆ ಲೇಥ್ ಕೆಲಸದವ. ಪಂಪಿನ ಶಾಫ್ಟ್, ಹೈಡ್ರಾಲಿಕ್ ಸಿಲಿಂಡರಿನ ರಾಡ್, ಇಂಥವೇ ಜಾಬ್‌ಗಳು. ಯಾವ ವಸ್ತು ಕೈಗೆ ಬಂದರೂ ಮೊದಲು ತಿರುಗಿಸಿ ತಳ ನೋಡುವುದು ನಮ್ಮ ಕಸುಬಿನವರ ರೂಢಿ. ಮೇಲೆ ಬಣ್ಣ ಯಾರು ಬೇಕಾದರೂ ಹೊಡೆಯಬಹುದು. ಕೆಲಸ ಗೊತ್ತಾಗುವುದು ಕೆಳಗೆ. ಈ ರೈಲನ್ನೂ ಹಾಗೇ ನೋಡಿದೆ. ಹಾಗೆ ನೋಡಿದರೇ ಇದು ಅರ್ಥವಾಗುವುದು, ಯಾಕೆಂದರೆ 0 ಸರಣಿಯ ದೊಡ್ಡಸ್ತಿಕೆ ಎಲ್ಲ ಅದರ ಹೊಟ್ಟೆಯ ಕೆಳಗೇ ಇದೆ. ಮೂತಿ ನೋಡಿ ಜನ ಮರುಳಾದರು, ಆದರೆ ಓಡಿಸಿದ್ದು ಬೋಗಿ (ಗಾಲಿ ಹಿಡಿದು ನಿಂತ ಚೌಕಟ್ಟು) ಮತ್ತು ಮೋಟರ್.

ನನ್ನ ತೀರ್ಪು ಮೊದಲೇ ಹೇಳುತ್ತೇನೆ. ಬೋಗಿ ಬಹಳ ಚೆನ್ನಾಗಿ ಮಾಡಿದ್ದಾರೆ. ಕಿಟಕಿ ತಪ್ಪು. ಮೋಟರ್ ವಿಷಯದಲ್ಲಿ ಮೂಲ ರೈಲಿನ ಜೀವಾಳವನ್ನೇ ಕೈಬಿಟ್ಟಿದ್ದಾರೆ. ಇಷ್ಟಾದರೂ ಕೊಳ್ಳಿ ಅನ್ನುತ್ತೇನೆ.

ಮೂಲ ರೈಲಿನ ಬಗ್ಗೆ ಸ್ವಲ್ಪ ಗೊತ್ತಿದ್ದರೆ ಮಾದರಿಯ ಬೆಲೆ ತಿಳಿಯುತ್ತದೆ. 1964ರ ಅಕ್ಟೋಬರ್ 1ರಂದು ಟೋಕಿಯೋದಿಂದ ಶಿನ್ ಒಸಾಕಾಗೆ ಈ ರೈಲು ಶುರುವಾಯಿತು. ಟೋಕಿಯೋ ಒಲಿಂಪಿಕ್ಸ್ ಆರಂಭಕ್ಕೆ ಇನ್ನು ಒಂಬತ್ತು ದಿನ ಇತ್ತು. 515 ಕಿಲೋಮೀಟರ್ ದಾರಿ, ಗಂಟೆಗೆ 210 ಕಿ.ಮೀ. ಗರಿಷ್ಠ ವೇಗ. ಅದಕ್ಕೂ ಮೊದಲು ಹಳೇ ಲೈನಿನಲ್ಲಿ ಎಲ್ಲಕ್ಕಿಂತ ವೇಗದ ರೈಲಿಗೂ ಆರೂವರೆ ಗಂಟೆ ಬೇಕಿತ್ತು. ಹೊಸದು ಮೊದಲ ವರ್ಷ ನಾಲ್ಕು ಗಂಟೆ ತೆಗೆದುಕೊಂಡಿತು. ಹೊಸ ಮಣ್ಣಿನ ಏರಿ ಗಟ್ಟಿಯಾಗಿ ಕೂರುವ ತನಕ ವೇಗಕ್ಕೆ ಕಡಿವಾಣ ಹಾಕಿದ್ದರು. 1965ರ ನವೆಂಬರ್‌ನಲ್ಲಿ ಅದು 3 ಗಂಟೆ 10 ನಿಮಿಷಕ್ಕೆ ಇಳಿಯಿತು.

ನಮ್ಮ ಬೆಳಗಾವಿ–ಬೆಂಗಳೂರು ವಂದೇ ಭಾರತ್ 2025ರ ಆಗಸ್ಟ್ 10ರಂದು ಶುರುವಾಯಿತು. 611 ಕಿ.ಮೀ.ಗೆ ಹೆಚ್ಚುಕಡಿಮೆ ಎಂಟೂವರೆ ಗಂಟೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರನ್ನೂ ಬೈಯುವುದು ಬೇಡ. ಜಪಾನಿನವರು ಆ ರೈಲಿಗೆಂದೇ ಪೂರಾ ಹೊಸ ದಾರಿ ಹಾಕಿದರು. ಅದರಲ್ಲಿ ಒಂದೇ ಒಂದು ಲೆವೆಲ್ ಕ್ರಾಸಿಂಗ್ ಇಲ್ಲ, ಗೂಡ್ಸ್ ಗಾಡಿ ಇಲ್ಲ. ಬೆಳಗಾವಿಯ ಟಿಳಕವಾಡಿಯ ರೈಲ್ವೆ ಗೇಟುಗಳಲ್ಲಿ ನಿಂತು ಬೆಳೆದ ನಮಗೆ ಅದು ಎಷ್ಟು ದೊಡ್ಡ ವಿಷಯ ಅಂತ ಬೇರೆ ಯಾರೂ ಹೇಳಬೇಕಿಲ್ಲ.

ಈಗ ಒಂದು ಡಬ್ಬಿ ತಿರುವಿ ಹಾಕಿ. ಕೆಳಗೆ ಎರಡು ಬೋಗಿ. ಮಾತಿನಲ್ಲಿ ನಾವು ಇಡೀ ಡಬ್ಬಿಗೇ ಬೋಗಿ ಅನ್ನುತ್ತೇವೆ, ಇಲ್ಲಿ ಹೇಳುತ್ತಿರುವುದು ನಾಲ್ಕು ಗಾಲಿ ಹಿಡಿದು ನಿಂತ ಚೌಕಟ್ಟಿನ ಬಗ್ಗೆ. ಗಾಲಿ ಲೋಹದ್ದು. ವರ್ನಿಯರ್ ಇಟ್ಟೆ, 5.7 ಮಿ.ಮೀ. ಬಂತು. ನಿಜವಾದ ಗಾಲಿ 910 ಮಿ.ಮೀ., 160ರಿಂದ ಭಾಗಿಸಿದರೆ 5.69. ಎರಡು ಅಚ್ಚಿನ (ಎರಡು ಗಾಲಿ ಕೂಡಿಸುವ ದಂಡ, ಆಕ್ಸಲ್) ನಡುವಿನ ದೂರ ನಿಜದಲ್ಲಿ 2.5 ಮೀಟರ್, ಇಲ್ಲಿ 15.6 ಮಿ.ಮೀ. ಅದೂ ಸರಿಯಾಗಿದೆ. ಗಾಲಿಯನ್ನು ಬೆರಳಿನಿಂದ ತಿರುಗಿಸಿ ಬೆಳಕಿಗೆ ಹಿಡಿದು ನೋಡಿದೆ. ಓಲಾಟ ಇಲ್ಲ, ಅಂಚಿನಲ್ಲಿ ಬರ್ (ಉಳಿದುಹೋದ ಚೂಪು) ಇಲ್ಲ. ಸ್ಪ್ರಿಂಗ್ ಗೂಡುಗಳು, ಡ್ಯಾಂಪರ್, ಮೇಲಿನ ಏರ್ ಸ್ಪ್ರಿಂಗ್, ಎಲ್ಲವನ್ನೂ ಅಷ್ಟು ಸಣ್ಣದರಲ್ಲಿ ತೋರಿಸಿದ್ದಾರೆ. ಹಳಿಯ ಮೇಲೆ ಇಟ್ಟ ಮೇಲೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ಮಾಡಿದ್ದಾರಲ್ಲ, ಅದಕ್ಕೆ ನನ್ನ ಶಾಬಾಸ್.

ಹಳಿಯ ಅಗಲ 9 ಮಿ.ಮೀ. ನಿಜದಲ್ಲಿ 1,435. ಜಪಾನಿನ ಉಳಿದ ರೈಲುಗಳು ಹೆಚ್ಚಾಗಿ ಓಡುವುದು 1,067 ಮಿ.ಮೀ. ಹಳಿಯ ಮೇಲೆ. ನಾನು ಚಿಕ್ಕವನಿದ್ದಾಗ ಬೆಳಗಾವಿಯಲ್ಲಿ ಇದ್ದ ಮೀಟರ್ ಗೇಜ್‌ಗಿಂತ ಅದು ಅಂಗೈಯಷ್ಟೂ ಜಾಸ್ತಿ ಇಲ್ಲ. ಅಷ್ಟು ಕಿರಿದಾದ ಹಳಿಯ ದೇಶದವರು ಜಗತ್ತಿನಲ್ಲೇ ಮೊದಲು ಇಂಥ ಅತಿವೇಗದ ರೈಲಿನ ನಿತ್ಯ ಸೇವೆ ಕೊಟ್ಟರು ಅನ್ನುವುದು ನನಗೆ ಇವತ್ತಿಗೂ ರೋಮಾಂಚನದ ವಿಷಯ. ಇನ್ನೊಂದು ಮಜಾ ನೋಡಿ. ಮಾದರಿಯ ಡಬ್ಬಿ ಅಡ್ಡಗಲ 21.1 ಮಿ.ಮೀ. ಅಂದರೆ ನಿಜದಲ್ಲಿ 3.38 ಮೀಟರ್. ನಮ್ಮ 1,676 ಮಿ.ಮೀ. ಬ್ರಾಡ್ ಗೇಜ್‌ನ ಎಲ್‌ಎಚ್‌ಬಿ ಎಂಬ ಪ್ರಯಾಣಿಕರ ಡಬ್ಬಿ 3.24 ಮೀಟರ್. ಹಳಿ ನಮ್ಮದಕ್ಕಿಂತ ಕಿರಿದು, ಡಬ್ಬಿ ನಮ್ಮದಕ್ಕಿಂತ ಅಗಲ! ಹಾಗಾಗಿಯೇ ಒಂದು ಬದಿಗೆ ಮೂರು, ಇನ್ನೊಂದು ಬದಿಗೆ ಎರಡು ಸೀಟು ಕೂರಿಸಲು ಆಯಿತು.

ಬೋಗಿಯ ಕಥೆ ಇನ್ನಷ್ಟು ಹೇಳಬೇಕು. ರೈಲಿನ ಗಾಲಿ ಸಪಾಟಾಗಿರುವುದಿಲ್ಲ, ಸ್ವಲ್ಪ ಓರೆ ಇರುತ್ತದೆ. ಆ ಓರೆಯಿಂದಲೇ ಅಚ್ಚು ಹಳಿಯ ಮಧ್ಯಕ್ಕೆ ತಾನಾಗಿ ಬಂದು ನಿಲ್ಲುತ್ತದೆ. ಆದರೆ ವೇಗ ಒಂದು ಮಿತಿ ದಾಟಿದರೆ ಅದೇ ಓರೆ ಶತ್ರುವಾಗುತ್ತದೆ. ಬೋಗಿ ಎಡಕ್ಕೆ ಬಲಕ್ಕೆ ಹೊಯ್ದಾಡಲು ಶುರು ಮಾಡುತ್ತದೆ. ಲೇಥಿನಲ್ಲಿ ಉದ್ದನೆಯ ಶಾಫ್ಟ್ ಹಾಕಿ ನಡುವೆ ಆಸರೆ (ಸ್ಟೆಡಿ) ಕೊಡದೆ ತಿರುಗುವ ವೇಗ ಏರಿಸಿದರೆ ನಡುಕ (ಚಾಟರ್) ಬರುತ್ತದಲ್ಲ, ಹಾಗೇ ಇದು. ಹೊರಗಿನಿಂದ ಯಾರೂ ಅಲುಗಾಡಿಸಬೇಕಿಲ್ಲ, ತನ್ನ ಓಟದಿಂದಲೇ ನಡುಕ ಹುಟ್ಟಿ ಬೆಳೆಯುತ್ತಾ ಹೋಗುತ್ತದೆ.

ಇದನ್ನು ಬಿಡಿಸಿದವರು ತದಾಶಿ ಮತ್ಸುದೈರಾ. ಅವರು ಮೂಲತಃ ರೈಲ್ವೆಯವರೇ ಅಲ್ಲ. ಯುದ್ಧಕಾಲದಲ್ಲಿ ಜಪಾನಿ ನೌಕಾಪಡೆಯ ಜೀರೋ ಯುದ್ಧವಿಮಾನದ ರೆಕ್ಕೆಯ ನಡುಕದ ಮೇಲೆ ಕೆಲಸ ಮಾಡಿದ್ದವರು. ಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ವಿಮಾನ ಮಾಡುವುದಕ್ಕೇ ನಿಷೇಧ ಬಂತು. ಕೈಯಲ್ಲಿ ವಿದ್ಯೆ ಇದ್ದ ಎಂಜಿನಿಯರುಗಳು ರೈಲ್ವೆಯ ಸಂಶೋಧನಾ ಸಂಸ್ಥೆಗೆ ಬಂದು ಸೇರಿದರು. ವಿಮಾನದ ರೆಕ್ಕೆಯ ನಡುಕಕ್ಕೆ ಹಾಕುವ ಲೆಕ್ಕವೇ ಬೋಗಿಯ ಹೊಯ್ದಾಟಕ್ಕೂ ಹೊಂದುತ್ತದೆ ಅಂತ ಮತ್ಸುದೈರಾ ತೋರಿಸಿದರು. ಗಾಲಿಯ ಓರೆಯನ್ನು 1/20ರಿಂದ 1/40ಕ್ಕೆ ಇಳಿಸಿದರು, ಅಚ್ಚಿನ ಹಿಡಿತ ಬಿಗಿ ಮಾಡಿದರು, ಡಬ್ಬಿಯ ಭಾರವನ್ನು ಗಾಳಿ ತುಂಬಿದ ಸ್ಪ್ರಿಂಗ್ ಮೇಲೆ ಕೂರಿಸಿದರು.

ಮೂತಿ ರೂಪಿಸಿದವರು ತದಾನಾವೊ ಮಿಕಿ. ಅವರೂ ಬಾಂಬರ್ ವಿಮಾನದ ವಿನ್ಯಾಸ ಮಾಡಿದ್ದವರೇ. ಸಿಗ್ನಲ್ ಕೆಲಸ ಹಜಿಮೆ ಕವಾನಾಬೆ ಅವರದು. ಗಂಟೆಗೆ 200 ಕಿ.ಮೀ. ವೇಗದಲ್ಲಿ ಹಳಿಯ ಪಕ್ಕದ ಸಿಗ್ನಲ್ ಕಂಬ ನೋಡಿ ಬ್ರೇಕ್ ಹಾಕುವುದು ಚಾಲಕನಿಗೆ ಆಗದ ಮಾತು. ಅದಕ್ಕೆ ಸಿಗ್ನಲ್ಲನ್ನೇ ಹಳಿಯ ಮೂಲಕ ಚಾಲಕನ ಮುಂದಿನ ಫಲಕಕ್ಕೆ ತಂದರು. ಮಿತಿ ಮೀರಿದರೆ ಬ್ರೇಕ್ ತಾನಾಗಿ ಬೀಳುತ್ತದೆ.

ಈ ಮೂವರು, ಜೊತೆಗೆ ಇನ್ನೊಬ್ಬರು, 1957ರ ಮೇ 30ರಂದು ಟೋಕಿಯೋದ ಗಿಂಜಾದಲ್ಲಿ ಜನರ ಮುಂದೆ ನಿಂತು, ಟೋಕಿಯೋದಿಂದ ಒಸಾಕಾಗೆ ಮೂರು ಗಂಟೆಯಲ್ಲಿ ಹೋಗಲು ಸಾಧ್ಯ ಅಂತ ಉಪನ್ಯಾಸ ಕೊಟ್ಟರು. ಆಗ ಜಗತ್ತಿನಲ್ಲೆಲ್ಲ ಜೆಟ್ ವಿಮಾನದ ಮಾತು, ಹೆದ್ದಾರಿಯ ಮಾತು. ರೈಲಿನ ಕಾಲ ಮುಗಿಯಿತು ಅನ್ನುವವರೇ ಜಾಸ್ತಿ. ಅಂಥ ಹೊತ್ತಿನಲ್ಲಿ ಕೆಲಸ ಗೊತ್ತಿದ್ದ ನಾಲ್ಕು ಜನ ಎದ್ದು ನಿಂತು ಆಗುತ್ತದೆ ಅಂದರಲ್ಲ, ನನಗೆ ಅವರ ಮೇಲೆ ಬಹಳ ಗೌರವ. 1962ರಲ್ಲಿ ಕಾಮೊನೊಮಿಯಾ ಹತ್ತಿರ ಪರೀಕ್ಷೆಯ ಹಳಿ ಸಿದ್ಧವಾಯಿತು. 1963ರ ಮಾರ್ಚ್ 30ರಂದು ಪರೀಕ್ಷೆಯ ರೈಲು ಗಂಟೆಗೆ 256 ಕಿ.ಮೀ. ಮುಟ್ಟಿತು.

ಮಾದರಿಯ ಮೂತಿಗೆ ಬರೋಣ. ಇದನ್ನು ಊಟದ ಬಿಡುವಿನಲ್ಲಿ ಶಾಪ್‌ಗೆ ಒಯ್ದಿದ್ದೆ. ಪಕ್ಕದ ಫೌಂಡ್ರಿಗೆ ಎರಕದ ಪ್ಯಾಟರ್ನ್ ಕಟ್ಟಿಗೆಯಲ್ಲಿ ಮಾಡಿಕೊಡುವ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಕಾಕಾ ಅನ್ನುತ್ತೇವೆ. ಕೈ ಒರೆಸಿಕೊಂಡು ಮುಂದಿನ ಡಬ್ಬಿ ಎತ್ತಿಕೊಂಡರು. ಮೂತಿಯ ಮೇಲೆ ಹೆಬ್ಬೆರಳು ಆಡಿಸಿದರು. ಗಾಜಿನ ಕೆಳಗಿನಿಂದ ಬುಡದ ತನಕ, ಮತ್ತೆ ಒಂದು ಪಕ್ಕದಿಂದ ಇನ್ನೊಂದು ಪಕ್ಕದ ತನಕ.

“ಇದನ್ನ ಕಟಿಗ್ಯಾಗ ತಗಿಬೇಕಂದ್ರ ಭಾಳ ದಿನಾ ಬೇಕ ನೋಡಪಾ,” ಅಂದರು. “ಎಲ್ಲೂ ಸಪಾಟ ಇಲ್ಲ. ಪ್ರತಿ ಇಂಚಿಗೆ ಬ್ಯಾರೆ ಡೊಂಕ ಐತಿ. ಖರೇ ರೈಲಿಗೆ ಪ್ರೆಸ್ಸಿನ್ಯಾಗ ಹೊಡದಿರಬೇಕ?”

“ಇಲ್ರೀ ಕಾಕಾ, ಸುತ್ತಿಗಿಲೆ ಬಡದ ಮಾಡ್ಯಾರ,” ಅಂದೆ.

ಅವರು ಮತ್ತೊಮ್ಮೆ ಹೆಬ್ಬೆರಳು ಆಡಿಸಿದರು. ನಾನು ಹೇಳಿದ್ದು ನಿಜ. ಕುದಮಾತ್ಸು ಎಂಬ ಊರಿನ ಒಂದು ಸಣ್ಣ ತಗಡು ಕೆಲಸದ ಕಾರ್ಖಾನೆಯವರು 0 ಸರಣಿಯ ಮೂತಿಯ ತಗಡುಗಳನ್ನು ಕೈ ಸುತ್ತಿಗೆಯಿಂದ ಬಡಿದು ಬಡಿದು ಡೊಂಕು ಕೊಟ್ಟರು. ತುಂಡು ತುಂಡಾಗಿ ಬಡಿದು ಚೌಕಟ್ಟಿನ ಮೇಲೆ ಕೂರಿಸಿ ಬೆಸೆದದ್ದು. ಗಂಟೆಗೆ 210 ಕಿ.ಮೀ. ಓಡಿದ ರೈಲಿನ ಮುಖ ಕೈಕೆಲಸ! ಉದ್ಯಮಬಾಗ್‌ನಲ್ಲಿ ಕೂತು ಇದನ್ನು ಓದಿದ ದಿನ ನನಗೆ ಆದ ಖುಷಿ ಹೇಳಲಾರೆ. ದೊಡ್ಡ ಕಂಪನಿಯ ಹೆಸರಿನ ಹಿಂದೆ ಹೀಗೆ ಸಣ್ಣ ಶಾಪ್‌ಗಳ ಕೈ ಇರುತ್ತದೆ, ನಮ್ಮಲ್ಲೂ ಹಾಗೇ ಅಲ್ವಾ?

ಮೂತಿಯ ತುದಿಯಲ್ಲಿ ದುಂಡನೆಯ ಮುಚ್ಚಳ ಇದೆ. ರೈಲು ಕೆಟ್ಟು ನಿಂತರೆ ಇನ್ನೊಂದು ರೈಲಿನಿಂದ ಎಳೆಯಲು ಬೇಕಾದ ಕೊಂಡಿ ಅದರ ಹಿಂದೆ ಇರುತ್ತದೆ. ಮೊದಲ ರೈಲುಗಳಲ್ಲಿ ಈ ಮುಚ್ಚಳ ಅರೆಪಾರದರ್ಶಕ ಅಕ್ರಿಲಿಕ್‌ನದು. ಹೆಡ್‌ಲೈಟಿನ ಬೆಳಕು ಒಳಗಿಂದ ಬಿದ್ದು ಮೂಗು ಹೊಳೆಯುತ್ತಿತ್ತು. ಹಕ್ಕಿ ಬಡಿದರೆ ಒಡೆಯುತ್ತದೆ ಅಂತ ಆಮೇಲೆ ಫೈಬರ್‌ಗೆ ಬದಲಿಸಿದರು. ಮಾದರಿಯಲ್ಲಿ ಮೂಗು ಹೊಳೆಯುತ್ತದೆ. ಹಿಂದೆ ಮುಂದೆ ಓಡಿಸಿದಾಗ ಒಂದು ತುದಿಯ ದೀಪ ಬಿಳಿ, ಇನ್ನೊಂದು ತುದಿಯದು ಕೆಂಪು ಆಗುತ್ತದೆ. ಮೂಲದಲ್ಲೂ ಅದೇ ದೀಪಕ್ಕೆ ಕೆಂಪು ಗಾಜು ಅಡ್ಡ ಬಂದು ಹಿಂದಿನ ದೀಪ ಆಗುತ್ತಿತ್ತು. ಇದನ್ನು ಬಹಳ ಪ್ರೀತಿಯಿಂದ ಮಾಡಿದ್ದಾರೆ.

ಇಷ್ಟು ಪ್ರೀತಿ ಇದ್ದವರು ಕಿಟಕಿಯಲ್ಲಿ ಯಾಕೆ ಎಡವಿದರು? ಪೆಟ್ಟಿಗೆಯ ಮೇಲೆ 1964ರ ಮಾದರಿ ಅಂತ ಬರೆದಿದ್ದಾರೆ. ಆದರೆ ಸಾಮಾನ್ಯ ದರ್ಜೆಯ ಡಬ್ಬಿಗಳಿಗೆ ಸಾಲಿಗೊಂದು ಸಣ್ಣ ಕಿಟಕಿ ಇದೆ. ಅದು ಬಂದದ್ದು 1976ರಲ್ಲಿ. ಮೊದಲ ರೈಲುಗಳಲ್ಲಿ ಎರಡು ಸಾಲಿಗೆ ಸೇರಿ ಒಂದು ದೊಡ್ಡ ಕಿಟಕಿ. ಮೊದಲ ದರ್ಜೆಯ ಡಬ್ಬಿಗೆ ಮಾತ್ರ ಮೊದಲಿಂದಲೂ ಸಾಲಿಗೊಂದು ಕಿಟಕಿ ಇತ್ತು, ಆದ್ದರಿಂದ ಈ ಸೆಟ್ಟಿನಲ್ಲಿ ಅದೊಂದು ಸರಿ. ಮೂಗು 1964ರದು, ಪಕ್ಕೆ 1976ರದು. ಒಂದೇ ಮೋಲ್ಡಿನಿಂದ ಎರಡು ಮಾದರಿ ತೆಗೆದು ದುಡ್ಡು ಉಳಿಸಿದ್ದಾರೆ ಅಂತ ನನಗೆ ಅನಿಸುತ್ತದೆ. ಮಾರಿದವರಿಗೆ ಬರೆದೆ. ಹಣ ವಾಪಸ್ ಆಗುವುದಿಲ್ಲ, ಚಿತ್ರದಲ್ಲಿ ಇದ್ದಂತೆಯೇ ಕಳಿಸಿದ್ದೇವೆ ಅಂದರು. ಚಿತ್ರದಲ್ಲಿ ತೋರಿಸಿದ್ದು ಮೂತಿ ಒಂದೇ.

ಸಣ್ಣ ಕಿಟಕಿ ಯಾಕೆ ಬಂತು ಅನ್ನುವುದರಲ್ಲೂ ಒಂದು ಕಥೆ ಇದೆ. ಈ ದಾರಿ ಸೆಕಿಗಹರಾ ಎಂಬಲ್ಲಿ ಹಿಮ ಬೀಳುವ ಜಾಗ ದಾಟುತ್ತದೆ. ವೇಗದ ರೈಲು ಹಿಮವನ್ನು ಎಬ್ಬಿಸುತ್ತದೆ, ಅದು ಡಬ್ಬಿಯ ತಳಕ್ಕೆ ಅಂಟಿ ಗಡ್ಡೆ ಕಟ್ಟುತ್ತದೆ. ಮುಂದೆ ಬೆಚ್ಚಗಿನ ಜಾಗಕ್ಕೆ ಬಂದಾಗ ಗಡ್ಡೆ ಕಳಚಿ ಜಲ್ಲಿಯ ಮೇಲೆ ಬೀಳುತ್ತದೆ. ಜಲ್ಲಿಕಲ್ಲು ಸಿಡಿದು ಕಿಟಕಿ ಒಡೆಯುತ್ತದೆ, ತಳದ ಯಂತ್ರಗಳಿಗೂ ಬಡಿಯುತ್ತದೆ. ಶುರುವಿನ ಚಳಿಗಾಲಗಳಲ್ಲಿ ಇದರಿಂದ ಬಹಳ ತೊಂದರೆ ಆಯಿತು. ಹಳಿಯ ಪಕ್ಕ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಹಾಕಿ ಹಿಮವನ್ನು ಒದ್ದೆ ಮಾಡಿದರು, ಒದ್ದೆ ಹಿಮ ಹಾರುವುದಿಲ್ಲ. ದೊಡ್ಡ ಗಾಜು ಬದಲಿಸುವ ಖರ್ಚು ಜಾಸ್ತಿ ಅಂತ ಆಮೇಲೆ ಕಿಟಕಿಯನ್ನೇ ಸಣ್ಣದು ಮಾಡಿದರು. ಇಷ್ಟೆಲ್ಲ ಕಥೆ ಇರುವ ಕಿಟಕಿಯನ್ನು ಮಾದರಿ ಮಾಡುವವರು ಹಗುರವಾಗಿ ತೆಗೆದುಕೊಳ್ಳಬಾರದು.

ಇನ್ನು ಮೋಟರ್. ನನ್ನ ದೊಡ್ಡ ತಕರಾರು ಇದೇ.

ಈ ಸೆಟ್ಟಿನಲ್ಲಿ ಒಂದು ಡಬ್ಬಿಗೆ ಮಾತ್ರ ಮೋಟರ್. ಉಳಿದ ಐದು ಅದರ ಜೊತೆ ಸುಮ್ನೆ ಉರುಳುತ್ತವೆ. ಎನ್ ಗೇಜ್‌ನಲ್ಲಿ ಇದು ಮಾಮೂಲಿ, ಖರ್ಚಿನ ದೃಷ್ಟಿಯಿಂದ ಅರ್ಥವಾಗುತ್ತದೆ. ಆದರೆ 0 ಸರಣಿ ಹುಟ್ಟಿದ್ದೇ ಇದಕ್ಕೆ ವಿರುದ್ಧವಾದ ಯೋಚನೆಯಿಂದ. ಅದಕ್ಕೆ ಎಂಜಿನ್ನೇ ಇಲ್ಲ. 12 ಡಬ್ಬಿಯ ಮೊದಲ ರೈಲಿನಲ್ಲಿ 48 ಅಚ್ಚು, 48ಕ್ಕೂ ಒಂದೊಂದು ಮೋಟರ್. ಒಂದೊಂದು ಮೋಟರ್ 185 ಕಿಲೋವ್ಯಾಟ್, ಒಟ್ಟು 8,880. ಮೇಲಿನ ತಂತಿಯಿಂದ 25,000 ವೋಲ್ಟ್. ಎರಡೆರಡು ಡಬ್ಬಿ ಸೇರಿ ಒಂದು ಜೋಡಿ, ಟ್ರಾನ್ಸ್‌ಫಾರ್ಮರ್ ಮತ್ತಿತರ ಯಂತ್ರಗಳನ್ನು ಜೋಡಿಯೊಳಗೇ ಹಂಚಿಟ್ಟರು.

ಯಾಕೆ ಹೀಗೆ? ಎಂಜಿನ್ ಅಂದರೆ ಭಾರವೆಲ್ಲ ಒಂದೇ ಕಡೆ. ನಮ್ಮ ಡಬ್ಲ್ಯುಎಪಿ-7 ಎಂಜಿನ್ ತೆಗೆದುಕೊಳ್ಳಿ, 123 ಟನ್, ಆರು ಅಚ್ಚು. ಒಂದೊಂದು ಅಚ್ಚಿನ ಮೇಲೆ 20.5 ಟನ್. 0 ಸರಣಿಯಲ್ಲಿ ಒಂದು ಅಚ್ಚಿನ ಭಾರ 16 ಟನ್ನಿನೊಳಗೆ. ಜಪಾನಿನ ನೆಲ ಬಹಳ ಕಡೆ ಮೆದು, ಮೇಲೆ ಭೂಕಂಪ. ಭಾರ ಹಂಚಿದರೆ ಸೇತುವೆ, ಹಳಿ, ಮಣ್ಣು ಎಲ್ಲಕ್ಕೂ ಕಡಿಮೆ ಪೆಟ್ಟು. ಎಲ್ಲ ಗಾಲಿ ಹಳಿಯನ್ನು ತಳ್ಳುವುದರಿಂದ ವೇಗ ಬೇಗ ಏರುತ್ತದೆ. ನಿಲ್ಲಿಸುವಾಗ ಅದೇ ಮೋಟರ್‌ಗಳು ಬ್ರೇಕ್ ಆಗುತ್ತವೆ. ಒಂದೆರಡು ಮೋಟರ್ ಕೆಟ್ಟರೂ ರೈಲು ದಾರಿಯಲ್ಲಿ ನಿಲ್ಲುವುದಿಲ್ಲ.

ಈ ಹಟ ಹಿಡಿದವರು ಮುಖ್ಯ ಎಂಜಿನಿಯರ್ ಹಿಡಿಯೊ ಶಿಮಾ. ಆ ಕಾಲಕ್ಕೆ ಯುರೋಪಿನಲ್ಲಿ ವೇಗದ ರೈಲು ಅಂದರೆ ಮುಂದೆ ಒಂದು ಬಲವಾದ ಎಂಜಿನ್ ಅನ್ನುವ ಲೆಕ್ಕ. ಇವತ್ತು ನೋಡಿ, ಹೊಸ ವೇಗದ ರೈಲುಗಳಲ್ಲಿ ಬಹುಪಾಲು ಶಿಮಾ ಹಾದಿಯಲ್ಲೇ ಇವೆ. ಚೆನ್ನೈನ ರೈಲು ಡಬ್ಬಿ ಕಾರ್ಖಾನೆ ಐಸಿಎಫ್ 2018ರಲ್ಲಿ ಮಾಡಿ, 2019ರ ಫೆಬ್ರವರಿ 15ರಂದು ದೆಹಲಿಯಿಂದ ವಾರಾಣಸಿಗೆ ಮೊದಲು ಬಿಟ್ಟ ವಂದೇ ಭಾರತ್ ಸಹ ಹಾಗೇ. ಅದರಲ್ಲಿ ಅರ್ಧದಷ್ಟು ಅಚ್ಚುಗಳಿಗೆ ಮೋಟರ್ ಇದೆ, ಯಂತ್ರವೆಲ್ಲ ತಳದಲ್ಲಿ. ನಮ್ಮ ಮೂರನೇ ಗೇಟ್ ಕಡೆ ಅದು ಹಾದು ಹೋಗುವಾಗ ಡಬ್ಬಿಯ ಕೆಳಭಾಗ ಗಮನಿಸಿ. ಮುಂದೆ ಎಂಜಿನ್ ಇಲ್ಲ, ಕೆಳಗೆ ಪೆಟ್ಟಿಗೆ ಪೆಟ್ಟಿಗೆ ಸಾಮಾನು. ಆ ಯೋಚನೆಗೆ ದೊಡ್ಡ ಮಟ್ಟದಲ್ಲಿ ಪುರಾವೆ ಕೊಟ್ಟದ್ದು 1964ರ ಈ ರೈಲು.

ಶಿಮಾ ಅವರ ವಿಷಯ ಬಂದ ಮೇಲೆ ಶಿಂಜಿ ಸೊಗೊ ಅವರನ್ನು ನೆನೆಯದೆ ಮುಂದೆ ಹೋಗಲಾರೆ. 1955ರಲ್ಲಿ ಜಪಾನ್ ರಾಷ್ಟ್ರೀಯ ರೈಲ್ವೆಯ ಅಧ್ಯಕ್ಷರಾದವರು, ಶಿಮಾ ಅವರನ್ನು ರೈಲ್ವೆಗೆ ವಾಪಸ್ ಕರೆತಂದವರು. ಶಿಮಾ ಅವರ ತಂದೆಯೂ ರೈಲ್ವೆ ಎಂಜಿನಿಯರ್. ಅಗಲ ಹಳಿಯ ವೇಗದ ರೈಲಿನ ಯೋಜನೆಗೆ ಯುದ್ಧಕ್ಕೂ ಮೊದಲೇ ದುಡಿದವರು. ಹೊಸ ಲೈನಿಗೆ ವಿಶ್ವ ಬ್ಯಾಂಕಿನಿಂದ 1961ರಲ್ಲಿ 8 ಕೋಟಿ ಡಾಲರ್ ಸಾಲ ಬಂತು. ಸಾಲ 1981ರಲ್ಲಿ ತೀರಿತು. ಆದರೆ ಕೆಲಸದ ಖರ್ಚು ಮೊದಲು ಹೇಳಿದ್ದಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಆ ಗದ್ದಲದಲ್ಲಿ 1963ರಲ್ಲಿ ಸೊಗೊ ಹುದ್ದೆ ಬಿಡಬೇಕಾಯಿತು, ಶಿಮಾ ಕೂಡ ಹೊರಗೆ ಹೋದರು. ಮುಂದಿನ ವರ್ಷ ಟೋಕಿಯೋ ಸ್ಟೇಷನ್ನಿನಲ್ಲಿ ಮೊದಲ ರೈಲು ಹೊರಟಾಗ ಆ ಸಮಾರಂಭಕ್ಕೆ ಇಬ್ಬರಿಗೂ ಆಮಂತ್ರಣ ಇರಲಿಲ್ಲ. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ರೈಲು ಕಟ್ಟಿದವರನ್ನು ಬಿಟ್ಟು ರಿಬ್ಬನ್ ಕತ್ತರಿಸಿದರು. ಈಗ ಟೋಕಿಯೋ ಸ್ಟೇಷನ್ನಿನ ಶಿಂಕಾನ್ಸೆನ್ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಸೊಗೊ ಅವರ ಮುಖದ ಉಬ್ಬುಶಿಲ್ಪ ಇದೆ. ತಡವಾಗಿಯಾದರೂ ಇಟ್ಟರಲ್ಲ.

ಓಡಿಸಿ ನೋಡಿದ ಅನುಭವ. 12 ವೋಲ್ಟ್ ಕಂಟ್ರೋಲರ್. ಮನೆಯ ಮೇಲಿನ ಉದ್ದ ಕೋಣೆಯಲ್ಲಿ ನಾಲ್ಕು ಮೀಟರ್ ನೇರ ಹಳಿ ಹಾಕಿದೆ. 210 ಕಿ.ಮೀ. ವೇಗವನ್ನು 160ರಿಂದ ಭಾಗಿಸಿದರೆ ಸೆಕೆಂಡಿಗೆ 36 ಸೆಂಟಿಮೀಟರ್ ಚಿಲ್ಲರೆ. ಅಂದರೆ ನಾಲ್ಕು ಮೀಟರ್ ದಾಟಲು 11 ಸೆಕೆಂಡ್ ಬೇಕು. ಆ ವೇಗಕ್ಕೆ ಕಂಟ್ರೋಲರಿನ ಗುಬುಟು ಅರ್ಧಕ್ಕಿಂತ ಕೆಳಗೇ ಸಾಕು. ಪೂರ್ತಿ ತಿರುಗಿಸಿದರೆ ಓಡುತ್ತದೆ, ಆದರೆ ಅದು ಆಟಿಕೆಯ ಓಟ. 11 ಸೆಕೆಂಡಿನಲ್ಲಿ ಓಡಿಸಿ, ಕಣ್ಣನ್ನು ಹಳಿಯ ಮಟ್ಟಕ್ಕೆ ಇಳಿಸಿ ನೋಡಿ. ಆಗ ಗೊತ್ತಾಗುತ್ತದೆ. ಶಬ್ದ ಕಡಿಮೆ, ನಡುಕ ಇಲ್ಲ, ಗಾಲಿ ಹಳಿಯಿಂದ ಒಮ್ಮೆಯೂ ಇಳಿಯಲಿಲ್ಲ.

ತಿರುವಿನಲ್ಲಿ ಮಾತ್ರ ಚೆನ್ನಾಗಿ ಕಾಣುವುದಿಲ್ಲ. ಮೂಲ ದಾರಿಯಲ್ಲಿ ತಿರುವಿನ ತ್ರಿಜ್ಯ ಸಾಮಾನ್ಯವಾಗಿ 2,500 ಮೀಟರಿಗೆ ಕಡಿಮೆ ಇಲ್ಲ. ಅದನ್ನು ಅಳತೆಗೆ ಇಳಿಸಿದರೂ 15 ಮೀಟರ್ ದಾಟುತ್ತದೆ. ಅಂಥ ಸುತ್ತು ಹಾಕಲು ನಮ್ಮ ಶಾಪ್‌ನ ಶೆಡ್ಡೇ ಬೇಕು. ಮನೆಯಲ್ಲಿ ಹಾಕುವ ಸಣ್ಣ ತಿರುವಿನಲ್ಲಿ ಡಬ್ಬಿಗಳ ಮೂಲೆ ಹೊರಗೆ ಚಾಚುತ್ತದೆ, ಎರಡು ಡಬ್ಬಿಯ ನಡುವೆ ದೊಡ್ಡ ಸಂದಿ ಕಾಣುತ್ತದೆ. ನಿಜವಾದ ರೈಲಿನಲ್ಲಿ ಆ ಸಂದಿ ಗಾಳಿ ಹೋಗದಂತೆ ಮುಚ್ಚಿರುತ್ತಿತ್ತು. ಪರೀಕ್ಷೆಯ ಓಟದಲ್ಲಿ ಸುರಂಗದೊಳಗೆ ಹೊಕ್ಕಾಗ ಜನರ ಕಿವಿಗೆ ನೋವಾಯಿತು, ಆಮೇಲೆ ಡಬ್ಬಿಯನ್ನು ಗಾಳಿ ಬಿಗಿಯಾಗಿ ಮಾಡಿದರು. ಹೀಗೆ ಪ್ರತಿ ಸುರಂಗದಲ್ಲೂ ಒತ್ತಡ ತಿಂದು ತಿಂದು ಉಕ್ಕಿನ ಡಬ್ಬಿಗಳು ಬೇಗ ದಣಿದವು. 1976ರಿಂದ ಹಳೇ 0 ಸರಣಿಯನ್ನು ತೆಗೆದು ಹೊಸ 0 ಸರಣಿಯನ್ನೇ ಹಾಕಿದರು. ವಿನ್ಯಾಸ ಅಷ್ಟು ಗಟ್ಟಿ, ಕೈಬಿಡಲು ಮನಸ್ಸಾಗಲಿಲ್ಲ. 1986ರ ತನಕ ಒಟ್ಟು 3,216 ಡಬ್ಬಿ ತಯಾರಾದವು.

ಬಫೆ ಡಬ್ಬಿಯ ಒಳಗೆ ಕೌಂಟರ್ ಕೂಡ ಮಾಡಿದ್ದಾರೆ. ಮೂಲದಲ್ಲಿ ಅಲ್ಲೊಂದು ಸ್ಪೀಡೋಮೀಟರ್ ಇತ್ತು. ಜನ ಚಹಾ ಕುಡಿಯುತ್ತಾ ಮುಳ್ಳು 200 ದಾಟುವುದನ್ನು ನೋಡುತ್ತಿದ್ದರು. ಮಾದರಿಯಲ್ಲಿ ಆ ಪುಟ್ಟ ಗಡಿಯಾರದಂಥ ಗುರುತು ಹಾಕಿದ್ದಾರೋ ಅಂತ ಲೆನ್ಸ್ ಹಿಡಿದು ಹುಡುಕಿದೆ. ಹಾಕಿಲ್ಲ. ಬಣ್ಣ ಚೆನ್ನಾಗಿದೆ, ನೀಲಿ ಪಟ್ಟಿಯ ಅಂಚು ಚೂಪು. ಪೆಟ್ಟಿಗೆ ಗಟ್ಟಿ.

0 ಸರಣಿ 1999ರ ಸೆಪ್ಟೆಂಬರ್‌ನಲ್ಲಿ ಟೋಕಿಯೋ–ಒಸಾಕಾ ದಾರಿ ಬಿಟ್ಟಿತು. ಒಸಾಕಾದಿಂದ ಪಶ್ಚಿಮಕ್ಕೆ ಹಕಾತಾ ಕಡೆಯ ದಾರಿಯಲ್ಲಿ ಸಣ್ಣ ಸಣ್ಣ ರೈಲಾಗಿ ಇನ್ನೂ ಓಡಿತು. 2008ರ ನವೆಂಬರ್ 30ಕ್ಕೆ ನಿತ್ಯದ ಓಟ ನಿಂತಿತು, ಡಿಸೆಂಬರ್‌ನಲ್ಲಿ ವಿದಾಯದ ಓಟ. 44 ವರ್ಷ! ಕೊನೆಯ ವರ್ಷಗಳಲ್ಲಿ ಓಡಿದ್ದು ಆರು ಡಬ್ಬಿಯ, ಸಣ್ಣ ಕಿಟಕಿಯ ರೈಲು. ಹಾಗಾಗಿ ನಿಮಗೆ 1964 ಮುಖ್ಯ ಅಲ್ಲದಿದ್ದರೆ ಈ ಸೆಟ್ಟಿನ ಕಿಟಕಿ ಅಷ್ಟು ಕಾಡುವುದಿಲ್ಲ. ಮುಖ್ಯ ಅನ್ನುವವರು ಕೊಳ್ಳುವ ಮೊದಲು ಪಕ್ಕೆಯ ಚಿತ್ರ ಕಳಿಸಿ ಅಂತ ಕೇಳಿ, ದೊಡ್ಡ ಕಿಟಕಿ ಕಣ್ಣಾರೆ ಕಂಡ ಮೇಲೆ ದುಡ್ಡು ಕೊಡಿ. ನಿಜವಾದ ಡಬ್ಬಿ ನೋಡುವ ಆಸೆ ಇದ್ದವರಿಗೆ ಇಂಗ್ಲೆಂಡಿನ ಯಾರ್ಕ್ ರೈಲ್ವೆ ಮ್ಯೂಸಿಯಂನಲ್ಲಿ ಒಂದು ಇದೆ, 2001ರಿಂದ.

ಒಂದೇ ಮೋಟರಿನ ತಕರಾರಿಗೆ ನಾನು ಕಂಡುಕೊಂಡ ದಾರಿ ಹೇಳಿ ಮುಗಿಸುತ್ತೇನೆ. ಮೋಟರ್ ಇರುವ ತಳವನ್ನು ಬಿಡಿಭಾಗವಾಗಿಯೂ ಮಾರುತ್ತಾರೆ. ಒಂದು ತರಿಸಿ ಬಫೆ ಡಬ್ಬಿಗೆ ಕೂರಿಸಿದೆ. ಒಳಗಿನ ಪ್ಲಾಸ್ಟಿಕ್ ಗೂಟ ಅರ್ಧ ಮಿಲಿಮೀಟರ್ ಸವರಬೇಕಾಯಿತು, ಅಷ್ಟೇ. ಜೋಡಿಸುವ ಮೊದಲು ಎರಡು ಮೋಟರ್ ಡಬ್ಬಿಗಳನ್ನು ಬೇರೆ ಬೇರೆಯಾಗಿ ಒಂದೇ ವೋಲ್ಟೇಜಿನಲ್ಲಿ ಓಡಿಸಿ ವೇಗ ಹೊಂದುತ್ತದೋ ನೋಡಿಕೊಳ್ಳಿ. ಹೊಂದದಿದ್ದರೆ ಒಂದು ಇನ್ನೊಂದನ್ನು ತಳ್ಳಿ ಗಾಲಿ ಜಾರುತ್ತದೆ, ಗೇರ್ ಸವೆಯುತ್ತದೆ. ನನ್ನದು ಸ್ವಲ್ಪ ವ್ಯತ್ಯಾಸ ಇತ್ತು. ಹೊಸದನ್ನು ಒಂದು ಸಂಜೆ ಪೂರ್ತಿ ಎರಡೂ ದಿಕ್ಕಿಗೆ ಓಡಿಸಿದ ಮೇಲೆ ಸರಿಹೋಯಿತು. ಗೇರಿಗೆ ಪ್ಲಾಸ್ಟಿಕ್ ತಿನ್ನದ ತೆಳು ಎಣ್ಣೆ, ಸೂಜಿಯ ತುದಿಯಷ್ಟು ಸಾಕು. ಶಾಪ್‌ನ ಕಟಿಂಗ್ ಆಯಿಲ್ ಖಂಡಿತ ಬೇಡ. ಎರಡು ಮೋಟರ್ ಆದ ಮೇಲೆ ಹಳಿಯ ಒಂದು ತುದಿಗೆ ಮೂರು ಪುಸ್ತಕ ಇಟ್ಟು ಏರು ಮಾಡಿದರೂ ಆರೂ ಡಬ್ಬಿ ಎಳೆದುಕೊಂಡು ಹತ್ತುತ್ತದೆ. ಒಂದೇ ಮೋಟರಿನಲ್ಲಿ ಮಧ್ಯಕ್ಕೇ ಗಾಲಿ ತಿರುಗುತ್ತಾ ನಿಂತುಬಿಡುತ್ತಿತ್ತು.